ಹೊಟ್ಟಿಲ್ಲದ ಕಾಳು

ಕೆವಾನೀ, ವಿಸ್ಕಾನ್ಸಿನ್
ಏಪ್ರಿಲ್ 12, 2023

ಡೋರೀನ್,

ಫೋನಿನಲ್ಲಿ ಮಾತಾಡಿದರೆ ನಮ್ಮಿಬ್ಬರಲ್ಲಿ ಒಬ್ಬರು ಅರ್ಧಕ್ಕೇ ಕುಕ್ಕಿ ಇಡುತ್ತೇವೆ. ಅದಕ್ಕೆ ಅಣ್ಣ ತಂಗಿ ಇನ್ನು ಮೇಲೆ ಕಾಗದದಲ್ಲಿ ಜಗಳವಾಡಿ ಎಂದು ವರ್ನಾ ಅಪ್ಪಣೆ ಮಾಡಿದ್ದಾಳೆ. ಅಂಚೆಚೀಟಿ ಹುಡುಕುವಷ್ಟರಲ್ಲಿ ಸಿಟ್ಟು ಅರ್ಧ ಇಳಿಯುತ್ತದಂತೆ. ನಲವತ್ತೊಂಬತ್ತು ವರ್ಷ ಸಂಸಾರ ಮಾಡಿಯೂ ನನ್ನ ಹೆಂಡತಿ ನನ್ನನ್ನು ಅರಿತಿಲ್ಲ. ಚೀಟಿ ಸಿಕ್ಕಿದೆ. ಸಿಟ್ಟು ಇದ್ದಲ್ಲೇ ಇದೆ.

ನೀನು ಕಳಿಸಿದ ಬಿಯರ್ ಯಂತ್ರ ಸೋರುತ್ತದೆ. ಬರೀ ಸೋರುವುದಲ್ಲ, ಉಕ್ಕುತ್ತದೆ. ಪುಸ್ತಕದಲ್ಲಿ ಹೇಳಿದ ಹಾಗೆ ಕ್ಯಾನಿಗೆ ನೀರು ತುಂಬಿದೆ, ಎರಡು ಪೈಪುಗಳ ಕ್ಲಿಪ್ಪು ಹಾಕಿದೆ, ಜಾಲರಿ ತಟ್ಟೆಗೆ ಮೊಳಕೆಕಾಳಿನ ಮಾಲ್ಟ್ ಸುರಿದೆ, ಗುಂಡಿ ಒತ್ತಿದೆ. ಐದು ನಿಮಿಷಕ್ಕೆ ಕೆಳಗಿನ ಕ್ಲಿಪ್ಪಿನಿಂದ ತೊಟತೊಟ ಶುರುವಾಯಿತು. ನಲವತ್ತು ನಿಮಿಷಕ್ಕೆ ತಟ್ಟೆ ತುಂಬಿ, ಮುಚ್ಚಳದ ಸಂದಿಯಿಂದ ಬಿಸಿ ರಸ ಇಳಿದು, ನೆಲಮಾಳಿಗೆಯ ನೆಲವೆಲ್ಲ ಜಿಗಿಜಿಗಿ. ಚಪ್ಪಲಿ ನೆಲಕ್ಕೆ ಅಂಟಿ ಅಲ್ಲೇ ಉಳಿಯಿತು, ಕಾಲು ಮಾತ್ರ ಮುಂದೆ ಹೋಯಿತು. ವರ್ನಾ ಮೆಟ್ಟಿಲ ಮೇಲೆ ನಿಂತು, "ಹೆಂಗಸ್ರು ಬರಬಾರ್ದು ಅಂತ ನಿಮ್ಮಪ್ಪ ಕಟ್ಟಿದ ನೆಲಮಾಳಿಗೆ ಅಲ್ವಾ, ನೀನೇ ಒರೆಸ್ಕೋ" ಎಂದು ಬಾಗಿಲು ಹಾಕಿಕೊಂಡಳು.

ಮಾಲ್ಟ್ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಬೆವರು ಸುರಿಸಿದವನು ನಾನು. ಅಪ್ಪನ ತಾಮ್ರದ ಕಡಾಯಿಯಲ್ಲಿ ಬೇಯಿಸಿದಾಗ ಒಂದು ತೊಟ್ಟೂ ಹೊರಗೆ ಚೆಲ್ಲಿದವನಲ್ಲ. ಕಳೆದ ವರ್ಷ ಪುರುಸೊತ್ತಾಗದೆ ಚರ್ಚಿನ ಪಿಕ್ನಿಕ್ಕಿಗೆ ನಮ್ಮ ಪೀಪಾಯಿ ಹೋಗಲಿಲ್ಲ. ಜನ ಡಬ್ಬಿ ಬಿಯರ್ ಕುಡಿದು ಹಂಡೆಯಲ್ಲಿ ಬೇಯಿಸಿದ ಕೋಳಿಸಾರು ಬೂಯಾ ತಿಂದರು. ಈ ಆಗಸ್ಟ್ ಆರಕ್ಕೆ ಅಪ್ಪನ ರೈ ಕಾಳಿನ ಬಿಯರ್ ತಂದೇ ತರುತ್ತೇನೆ ಎಂದು ಭಾನುವಾರ ಎಲ್ಲರೆದುರು ಎದ್ದು ನಿಂತು ಹೇಳಿದ್ದೇನೆ. ಈ ಸಲವೂ ತಪ್ಪಿದರೆ ಆ ಜಾಗ ಯಾವುದೋ ಕಂಪನಿಯ ಗಾಡಿಗೆ ಹೋಗುತ್ತದೆ ಎಂದು ಪಾದ್ರಿಗಳು ಮೆಲ್ಲಗೆ ಹೇಳಿದ್ದಾರೆ.

ನಿನ್ನ ಡಬ್ಬವನ್ನು ವಾಪಸ್ ತೆಗೆದುಕೋ.

ನಾರ್ಬರ್ಟ್


ಟಕೋಮಾ, ವಾಷಿಂಗ್ಟನ್
ಏಪ್ರಿಲ್ 20

ನಾರ್ಬರ್ಟ್,

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅದೇ ಯಂತ್ರ ನನ್ನ ಅಡುಗೆಮನೆಯಲ್ಲಿ ಎರಡು ವರ್ಷದಿಂದ ಇದೆ. ಒಂದು ಚಮಚ ಸೋರಿಲ್ಲ.

ಹಾಲಿನ ಡೈರಿಯಲ್ಲಿ ಮೂವತ್ತೊಂದು ವರ್ಷ ಪಂಪು ಪೈಪು ರಿಪೇರಿ ಮಾಡಿದವಳು ಹೇಳುತ್ತಿದ್ದೇನೆ, ಕೇಳು. ಕ್ಲಿಪ್ಪನ್ನು ಸುಮ್ಮನೆ ಮೇಲಿಟ್ಟರೆ ಆಗುವುದಿಲ್ಲ. ಹೆಬ್ಬೆರಳು ಊರಿ ಒತ್ತಬೇಕು. ಟಕ್ ಎಂದು ಕೇಳಬೇಕು. ಕೇಳಲಿಲ್ಲವೆಂದರೆ ಕೂತಿಲ್ಲ ಎಂದು ಅರ್ಥ. ಒಳಗಿನ ರಬ್ಬರ್ ಉಂಗುರ ಹರಿದಿದೆಯಾ ನೋಡು. ಇನ್ನು ಉಕ್ಕುವುದಕ್ಕೆ ಮೂರೇ ಕಾರಣ: ಜಾಲರಿ ಕಟ್ಟಿರಬೇಕು, ಮಾಲ್ಟ್ ಹಿಟ್ಟಿನಷ್ಟು ನುಣ್ಣಗೆ ಆಗಿರಬೇಕು, ಇಲ್ಲ ನೀರು ಹೆಚ್ಚಾಗಿರಬೇಕು. ಯಾವ ಕಾಳು ಎಷ್ಟು ಹಾಕಿದೆ ಬರೆ. ಯಂತ್ರದ ಪರದೆಯಲ್ಲಿ ಬರೆದದ್ದನ್ನೇ ತಟ್ಟೆಗೂ ಹಾಕಿದೆ ತಾನೇ? ಅದನ್ನು ನೋಡಿಕೊಂಡೇ ಅದು ಪಂಪನ್ನು ಜೋರು ನಿಧಾನ ಮಾಡುವುದು.

ಹೇಗೂ ಬರೆಯುತ್ತೀಯಲ್ಲ, ಅಪ್ಪನ ರೈ ಬಿಯರಿನ ಅಳತೆಯನ್ನೂ ನನಗೆ ಬರೆದು ಕಳಿಸು. ಇದು ಎಷ್ಟನೆಯ ಸಲ ಕೇಳುತ್ತಿರುವುದೋ ಲೆಕ್ಕವಿಲ್ಲ. ಏಳನೇ ವಯಸ್ಸಿನಿಂದ ಮದುವೆಯಾಗುವವರೆಗೆ ಪೀಪಾಯಿ ತುಂಬಿ ಉಳಿದ ಆ ಬಿಯರಿಗೆ ಬಾಟಲಿ ತೊಳೆದಿದ್ದೇನೆ. ಹಿತ್ತಲ ಪಂಪಿನ ನೀರು ಬೆರಳು ಕಚ್ಚುತ್ತಿತ್ತು. ನೀವು ಗಂಡಸರು ಒಳಗಿನಿಂದ ನೆಲಮಾಳಿಗೆಯ ಬಾಗಿಲು ಹಾಕಿಕೊಳ್ಳುತ್ತಿದ್ದಿರಿ. ಹೆಣ್ಣು ಕಾಲಿಟ್ಟರೆ ಬಿಯರ್ ಹುಳಿಯಾಗುತ್ತದೆ ಎಂದು ಅಪ್ಪ ಹೇಳುತ್ತಿದ್ದದ್ದನ್ನು ನಾನು ನಂಬಿದ್ದೆ ಕೂಡ! ನನಗೀಗ ಅರವತ್ತೈದು. ನಿನಗೆ ಎಪ್ಪತ್ಮೂರು. ನೀನು ಹೋದ ಮೇಲೆ ಆ ಬಿಯರು ನಿನ್ನ ಜೊತೆ ಮಣ್ಣಿಗೆ ಹೋಗಬೇಕೇ?

ಡೋರೀನ್


ಕೆವಾನೀ
ಮೇ 2

ಡೋರೀನ್,

ಹೋಗಲಿ. ಮಣ್ಣಿಗೇ ಹೋಗಲಿ.

ಪೀಪಾಯಿಯ ಹಲಗೆಯ ಮೇಲೆ ಏನು ಬರೆದಿದೆ ಗೊತ್ತಲ್ಲ? 'ಟೆಶ್ ಅಂಡ್ ಸನ್'. 1979ರಲ್ಲಿ ಅಪ್ಪ ಹೇಳಿದ, ನಾನು ಬಣ್ಣ ಹಚ್ಚಿದೆ. ಅಲ್ಲಿ ನಮ್ಮ ಮನೆತನದ ಹೆಸರಿದೆ, ಮಗ ಎಂದಿದೆ, ಮಗಳು ಎಂದು ಇಲ್ಲ. ಹಾಗೆ ತೀರ್ಮಾನಿಸಿದವನು ನಾನಲ್ಲ. ನನ್ನ ಮೇಲೆ ಹಾರಾಡಬೇಡ.

ನೀನು ಹೇಳಿದ್ದೆಲ್ಲ ಮಾಡಿದೆ. ಜಾಲರಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಮಾಲ್ಟನ್ನು ಒರಟಾಗಿ ಒಡೆದೆ. ಮಾಲ್ಟ್ ಒಡೆಯುವುದನ್ನು ನನಗೆ ಹೇಳಿಕೊಡುವವಳು ನೀನು! ನೀರನ್ನು ಗೆರೆಗೆ ಸರಿಯಾಗಿ ಹಾಕಿದೆ. ರಬ್ಬರ್ ಉಂಗುರ ಹೊಸದು. ಕಾಳು ಶುದ್ಧ ಬಾರ್ಲಿ, ಹನ್ನೊಂದು ಪೌಂಡು. ಪರದೆಯಲ್ಲಿ ಅದನ್ನೇ ಬರೆದೆ, ತಟ್ಟೆಗೆ ಅದನ್ನೇ ಹಾಕಿದೆ. ಕಲಿಯಲು ಮೊದಲು ಸಾದಾ ಬಿಯರ್ ಎಂದುಕೊಂಡೆ. ಮತ್ತೆ ಸೋರಿತು. ಮತ್ತೆ ಉಕ್ಕಿತು. ಈ ಸಲ ವರ್ನಾಳ ಇಸ್ತ್ರಿ ಬಟ್ಟೆಯ ಬುಟ್ಟಿ ಕೆಳಗಿತ್ತು. ಆ ಕಥೆ ಬರೆಯುವುದಿಲ್ಲ.

ಒಂದು ಸಲಕ್ಕೆ ಐದು ಗ್ಯಾಲನ್ ಆಗುವ ಯಂತ್ರ ಇದು. ಪೀಪಾಯಿ ತುಂಬಲು ಮೂರು ಸಲ ಬೇಯಿಸಬೇಕು. ಒಂದು ಸಲವೂ ಮುಗಿಸಲು ಬಿಡುತ್ತಿಲ್ಲ. ನಿನ್ನ ಕ್ಲಿಪ್ಪುಗಳು ಕಳಪೆ. ಡೈರಿಯಲ್ಲಿ ಹೀಗೇ ರಿಪೇರಿ ಮಾಡುತ್ತಿದ್ದೆಯಾ?

ನಾರ್ಬರ್ಟ್


ಟಕೋಮಾ
ಮೇ 9

ನಾರ್ಬರ್ಟ್,

ಈ ಕಾಗದದ ಜೊತೆ ಮೂರು ಹೊಸ ಕ್ಲಿಪ್ಪು ಕಳಿಸಿದ್ದೇನೆ. ಒಂದೊಂದನ್ನೂ ನನ್ನ ಯಂತ್ರಕ್ಕೆ ಹಾಕಿ ನೋಡಿಯೇ ಕಳಿಸಿದ್ದು. ಸೋರಿದರೆ ತಪ್ಪು ಹಾಕಿದವನದ್ದು.

ಶುದ್ಧ ಬಾರ್ಲಿ ಹೀಗೆ ಉಕ್ಕುವುದಿಲ್ಲ. ನನಗೆ ತಲೆ ಕೆಟ್ಟಿದೆ. ಏಪ್ರಿಲ್ 29ರಂದು ನೀನು ಬೆಳಿಗ್ಗೆ 10:12ಕ್ಕೆ ಶುರು ಮಾಡಿದೆ. 10:17ಕ್ಕೆ ಒತ್ತಡ ಇಳಿಯಿತು, ಅದು ನಿನ್ನ ಕ್ಲಿಪ್ಪು. 10:52ಕ್ಕೆ ತಟ್ಟೆಯನ್ನು ಹೊರಗೆಳೆದೆ. ಎಳೆದವನು ಹಾಗೇ ಒಂದು ಗಂಟೆ ಹತ್ತು ನಿಮಿಷ ಬಿಟ್ಟಿದ್ದೀಯ. ಅಷ್ಟು ಹೊತ್ತು ಏನು ಮಾಡುತ್ತಿದ್ದೆ? ಮಧ್ಯೆ ನಿಲ್ಲಿಸಿದರೆ ರಸ ತಣ್ಣಗಾಗಿ ಇನ್ನೂ ಅಂಟು ಬರುತ್ತದೆ. ಉಕ್ಕಿದ ಕೂಡಲೇ ಪಂಪು ನಿಲ್ಲಿಸು, ಕಾಳನ್ನು ಮರದ ಸೌಟಿನಿಂದ ಬಿಡಿಸು, ಐದು ನಿಮಿಷ ಬಿಟ್ಟು ಮತ್ತೆ ಶುರು ಮಾಡು.

ಡೋರೀನ್


ಕೆವಾನೀ
ಮೇ 15

ಡೋರೀನ್,

10:12. 10:17. 10:52.

ನನ್ನ ನೆಲಮಾಳಿಗೆಯಲ್ಲಿ ನಾನು ಎಷ್ಟು ಗಂಟೆಗೆ ಏನು ಮಾಡಿದೆ ಎಂದು ಎರಡು ಸಾವಿರ ಮೈಲಿ ಆಚೆ ಕೂತ ನಿನಗೆ ಹೇಗೆ ಗೊತ್ತಾಯಿತು? ಪಕ್ಕದ ಮನೆಯ ಹುಡುಗಿಯನ್ನು ಕರೆಸಿ ಕೇಳಿದೆ. ಯಂತ್ರ ಪ್ರತಿಯೊಂದನ್ನೂ ಇಂಟರ್ನೆಟ್ಟಿಗೆ ಬರೆಯುತ್ತದೆ, ಅದು ನಿನ್ನ ಹೆಸರಿನ ಖಾತೆಗೆ ಹೋಗುತ್ತದೆ ಎಂದಳು. ನಾನು ಪರದೆಯಲ್ಲಿ ಬರೆದ ಅಳತೆಯೂ ನಿನಗೆ ಕಾಣುತ್ತದಂತೆ.

ಉಡುಗೊರೆ ಎಂದು ರಿಬ್ಬನ್ ಕಟ್ಟಿ ಕಳಿಸಿದೆ. ಕಳಿಸಿದ್ದು ಗೂಢಚಾರನನ್ನು. ಕೇಳಿ ಕೇಳಿ ಕೊಡದೆ ಹೋದಾಗ ಕದಿಯಲು ಹೊರಟೆ. ನಾಚಿಕೆಯಾಗಬೇಕು.

ನಾರ್ಬರ್ಟ್


ಟಕೋಮಾ
ಮೇ 21

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸಾದಾ ಬಾರ್ಲಿ ಬಿಯರಿನ ಅಳತೆ ಯಾರಿಗೆ ಕಂಡರೆ ನಿನಗೇನು? ಅದರಲ್ಲಿ ಕದಿಯಲು ಏನಿದೆ?

ಇನ್ನೊಂದು ಮಾತು. ನಿನ್ನ ಕಾಗದದ ಅಕ್ಷರ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಜಾರಿ ಬೀಳುತ್ತಿದೆ. ಸಹಿಯಂತೂ ಕೋಳಿ ಕೆದರಿದ ಹಾಗಿದೆ. ಕುಡಿದು ಬರೆಯುತ್ತೀಯಾ? ಬೆಳಿಗ್ಗೆ ಹತ್ತಕ್ಕೆ ಯಂತ್ರದ ಮುಂದೆ ನಿಂತಾಗಲೂ ಕುಡಿದಿರುತ್ತೀಯಾ? ಹಾಗಿದ್ದರೆ ಹೇಳಿಬಿಡು, ಕ್ಲಿಪ್ಪಿಗೆ ಸುಮ್ಮನೆ ದುಡ್ಡು ಹಾಳು ಮಾಡುವುದಿಲ್ಲ.

ಡೋರೀನ್


ಕೆವಾನೀ
ಜೂನ್ 1

ಕುಡಿದು?

ಈಸ್ಟರ್ ಮುಂಚಿನ ಲೆಂಟ್ ಉಪವಾಸದ ನಲವತ್ತು ದಿನ ಒಂದು ಗುಟುಕೂ ಮುಟ್ಟುವವನಲ್ಲ ನಾನು. ಎಂಥ ಮಾತಾಡಿದೆ! ಆ ಸಾಲನ್ನು ಓದಿ ವರ್ನಾ ಬೇರೆ ನಕ್ಕಳು. ಆಮೇಲೆ ಯಾಕೋ ನನ್ನ ಕೈ ನೋಡಿದಳು.

ಈಗಲೇ, ಈ ಕ್ಷಣವೇ ಬರೆಯುತ್ತಿದ್ದೇನೆ. ನಿನ್ನ ಯಂತ್ರದ ಪಕ್ಕದ ಮೇಜಿನ ಮುಂದೆಯೇ ಕೂತಿದ್ದೇನೆ. ಕಾಗದ ಅಂಟಿದರೆ ಅದಕ್ಕೂ ಅದೇ ಕಾರಣ. ಮೂರನೆಯ ಸಲ ಉಕ್ಕಿದೆ. ಈಗಷ್ಟೇ. ನಿನ್ನ ಮೂರು ಕ್ಲಿಪ್ಪೂ ಸೋರಿದವು, ಮೂರಕ್ಕೂ ಬಟ್ಟೆ ಸುತ್ತಿ ತಂತಿ ಕಟ್ಟಿದ್ದೇನೆ. ಸೌಟಿನಿಂದ ಬಿಡಿಸು ಎಂದೆಯಲ್ಲ, ಬಿಡಿಸಿದೆ. ಬಿಡಿಸಿದಷ್ಟೂ ಗಂಟಾಯಿತು. ತಟ್ಟೆ ಎತ್ತಿದಾಗ ಜಾರಿ ಅರ್ಧ ಮೇಜಿಗೆ, ಅರ್ಧ ನನ್ನ ತೊಡೆಗೆ ಬಿತ್ತು. ಪ್ಯಾಂಟು ದಪ್ಪವಿದ್ದದ್ದಕ್ಕೆ ಬಚಾವಾದೆ. ಹನ್ನೊಂದು ಪೌಂಡು ಒಳ್ಳೆಯ ಮಾಲ್ಟು ಈಗ ಪಕ್ಕದವರ ಕೋಳಿಗಳಿಗೆ.

ನಿನ್ನೆ ಪಾದ್ರಿಗಳು ಅಂಗಡಿಯಲ್ಲಿ ಸಿಕ್ಕಿ, "ಏನ್ ನಾರ್ಬರ್ಟ್, ಪೀಪಾಯಿ ರೆಡಿನಾ? ಇಲ್ಲಾಂದ್ರೆ ಹೇಳ್ಬಿಡಿ, ಬೇಜಾರಿಲ್ಲ" ಎಂದರು. ಬೇಜಾರಿಲ್ಲವಂತೆ! ಅರವತ್ತು ವರ್ಷ ಪಿಕ್ನಿಕ್ಕಿಗೆ ಹೋದ ಬಿಯರು. ಅದು ನಿಂತರೆ ಬೇಜಾರಾಗುವುದು ನನಗೊಬ್ಬನಿಗೇ ಎಂದು ಕಾಣುತ್ತದೆ.

ಇನ್ನು ಎರಡು ತಿಂಗಳು ಇದೆ. ನಿನ್ನ ಡಬ್ಬವನ್ನು ಮಿಶಿಗನ್ ಸರೋವರಕ್ಕೆ ಎಸೆದು ಅಪ್ಪನ ಕಡಾಯಿಯನ್ನೇ ಒಲೆಗೇರಿಸುತ್ತೇನೆ.

ನಾರ್ಬರ್ಟ್


ಟಕೋಮಾ
ಜೂನ್ 8

ನಾರ್ಬರ್ಟ್,

ಕಾಗದ ಬಿಡಿಸಲು ಚಾಕು ಬೇಕಾಯಿತು. ಎರಡನೆಯ ಪುಟದ ಹಿಂದೆ ಮೂರು ಕಾಳು ಅಂಟಿದ್ದವು, ಅರ್ಧ ಒಡೆದವು. ಬಿಡಿಸಿ, ತೊಳೆದು, ಬಿಳಿ ತಟ್ಟೆಯಲ್ಲಿಟ್ಟು ಭೂತಗನ್ನಡಿಯಲ್ಲಿ ನೋಡಿದೆ.

ಬಾರ್ಲಿಗೆ ಹೊಟ್ಟು ಇರುತ್ತದೆ. ಒಡೆದರೂ ಬೆಂದರೂ ಅದು ಹುಲ್ಲಿನ ಹಾಗೆ ಉಳಿದುಕೊಳ್ಳುತ್ತದೆ. ಅದರ ನಡುವೆ ದಾರಿ ಮಾಡಿಕೊಂಡು ನೀರು ಕೆಳಗಿಳಿಯುತ್ತದೆ. ಈ ಮೂರಕ್ಕೂ ಹೊಟ್ಟಿಲ್ಲ. ಉದ್ದ, ಸಣ್ಣ, ಬೂದು ಬಣ್ಣ. ಇದು ಬಾರ್ಲಿಯಲ್ಲ, ರೈ. ಮಾಲ್ಟ್ ಕಾರ್ಖಾನೆಯವನಿಗೆ ನಾನು ಹೇಳಿಕೊಡಬೇಕಿಲ್ಲ.

ಮೊದಲ ದಿನದಿಂದ ನೀನು ಅಪ್ಪನ ಬಿಯರನ್ನೇ ಮಾಡುತ್ತಿದ್ದೆ. ಪರದೆಯಲ್ಲಿ ಬರೆದರೆ ಹೊರಗಿನವರಿಗೆ ಅಳತೆ ಕಂಡೀತು ಎಂದು ಯಂತ್ರಕ್ಕೆ ಸುಳ್ಳು ಹೇಳಿದೆ. ತಟ್ಟೆಯಲ್ಲಿ ಬಾರ್ಲಿ ಇದೆ ಎಂದು ಅದು ನಂಬಿತು. ನಂಬಿ ಪಂಪನ್ನು ಜೋರಾಗಿ ಓಡಿಸಿತು. ರೈ ಅಲ್ಲಿ ಅಂಬಲಿಯಾಗಿ ಕೂತಿದೆ. ನೀರಿಗೆ ಇಳಿಯಲು ದಾರಿಯಿಲ್ಲ. ಉಕ್ಕದೆ ಇನ್ನೇನಾಗುತ್ತದೆ? ಕಡಾಯಿಯಲ್ಲಾದರೆ ನೀನು ನಿಂತು ಕೈಯಾಡಿಸುತ್ತಿದ್ದೆ, ಬಚಾವಾಗುತ್ತಿತ್ತು. ಎರಡು ತಿಂಗಳು ಜಾಲರಿ, ಉಂಗುರ, ಕ್ಲಿಪ್ಪು ಎಂದು ನನ್ನನ್ನು ಕುಣಿಸಿದೆಯಲ್ಲ! ರಾತ್ರಿ ನಿದ್ದೆಗೆಟ್ಟು ಆ ಯಂತ್ರದ ನಕ್ಷೆ ನೋಡಿದ್ದೇನೆ. ನನ್ನ ಮೂವತ್ತೊಂದು ವರ್ಷದ ಕೆಲಸವನ್ನೇ ಹಂಗಿಸಿದೆ. ಮೂವತ್ತಮೂರು ಪೌಂಡು ಮಾಲ್ಟನ್ನು ಕೋಳಿಗೆ ಹಾಕಿದೆ. ತಂಗಿಗೆ ಕಾಣಬಾರದು ಎಂಬ ಒಂದೇ ಕಾರಣಕ್ಕೆ!

ಗೂಢಚಾರ ಎಂದೆಯಲ್ಲ, ಅದಕ್ಕೆ ನೇರ ಉತ್ತರ ಕೊಡುತ್ತೇನೆ, ನಿನ್ನ ಹಾಗಲ್ಲ. ಕಡಾಯಿ ಎತ್ತಲು ನಿನಗೆ ಕಷ್ಟವಾಗುತ್ತಿದೆ ಎಂದು ವರ್ನಾ ಹೇಳಿದ್ದಕ್ಕೆ ಯಂತ್ರ ಕಳಿಸಿದೆ. ಅಳತೆ ನನಗೂ ಕಾಣುತ್ತದೆ ಎಂದು ಗೊತ್ತಿದ್ದೇ ಕಳಿಸಿದೆ. ಎರಡೂ ನಿಜ.

ಇನ್ನೊಂದು ವಿಷಯ ಈ ಮೂರು ಕಾಳು ನೋಡುತ್ತ ಕೂತಾಗ ನೆನಪಿಗೆ ಬಂತು. ಬೇಸಿಗೆಯಲ್ಲಿ ಅಪ್ಪ ರೈಲು ಬೋಗಿಗಳನ್ನು ಸರೋವರ ದಾಟಿಸುವ ಹಡಗಿನಲ್ಲಿ ಕೆಲಸಕ್ಕಿರುತ್ತಿದ್ದ. ತಿಂಗಳಿಗೆ ಎರಡು ದಿನ ಮನೆಗೆ ಬಂದರೆ ಹೆಚ್ಚು. 1967ರ ಜೂನಿನಲ್ಲಿ ನಾನು ಬಾಟಲಿ ತೊಳೆದದ್ದು ಚೆನ್ನಾಗಿ ನೆನಪಿದೆ, ಬೆರಳು ಕುಯ್ದುಕೊಂಡಿದ್ದೆ. ಅಪ್ಪ ಊರಲ್ಲಿರಲಿಲ್ಲ. ನೀನು ಹದಿನೇಳರ ಹುಡುಗ, ಬೇಸ್‌ಬಾಲ್ ಆಡಲು ಹೋಗುತ್ತಿದ್ದೆ. ನೆಲಮಾಳಿಗೆಯ ಬಾಗಿಲು ಮುಚ್ಚಿತ್ತು. ಅಮ್ಮ ಒಳಗೆ ಬಟ್ಟೆ ಕುದಿಸುತ್ತಿದ್ದಾಳೆ ಎಂದು ನನಗೆ ಹೇಳಿದ್ದರು. ಸಂದಿಯಿಂದ ಅವಳ ಹಾಡು ಕೇಳುತ್ತಿತ್ತು.

ಬಟ್ಟೆ ಕುದಿಸಿದರೆ ಬ್ರೆಡ್ಡಿನ ವಾಸನೆ ಬರುವುದಿಲ್ಲ, ನಾರ್ಬರ್ಟ್.

ಆ ಬಿಯರನ್ನು ಮಾಡುತ್ತಿದ್ದದ್ದು ಯಾರು?

ಡೋರೀನ್


ಕೆವಾನೀ
ಜೂನ್ 25

ಡೋರೀನ್,

ನಾಲ್ಕು ಕಾಗದ ಬರೆದು ಹರಿದೆ. ನಾನು ಬರೆಯದಿದ್ದರೆ ತಾನೇ ಬರೆಯುತ್ತೇನೆ ಎಂದಿದ್ದಾಳೆ ವರ್ನಾ. ಅವಳು ಬರೆದರೆ ನನ್ನನ್ನು ಪೂರ್ತಿ ಮುಗಿಸುತ್ತಾಳೆ. ಅದಕ್ಕೆ ನಾನೇ ಬರೆಯುತ್ತಿದ್ದೇನೆ.

ಮೊದಲು ಚಿಕ್ಕದು. ನಾನು ಕುಡಿದಿಲ್ಲ. ನನ್ನ ಎರಡೂ ಹೆಬ್ಬೆರಳಿನ ಬುಡ ಸವೆದು ಹೋಗಿದೆ, ಕೈ ನಡುಗುತ್ತದೆ. ಎರಡು ವರ್ಷದಿಂದ ಅಂಗಿಯ ಗುಂಡಿಯನ್ನು ವರ್ನಾ ಹಾಕುತ್ತಾಳೆ. ಕ್ಲಿಪ್ಪು ನಾನು ಎಷ್ಟು ಒತ್ತಿದರೂ ಟಕ್ ಎನ್ನುವುದಿಲ್ಲ. ಅವಳನ್ನು ಕರೆದಿದ್ದರೆ ಒಂದೇ ಸಲಕ್ಕೆ ಒತ್ತುತ್ತಿದ್ದಳು. ಕರೆಯಲಿಲ್ಲ. ಅವತ್ತು ತಟ್ಟೆ ಹೊರಗೆ ಇಟ್ಟು ಒಂದು ಗಂಟೆ ಹತ್ತು ನಿಮಿಷ ಏನು ಮಾಡಿದೆ ಎಂದೆಯಲ್ಲ, ಮೆಟ್ಟಿಲ ಮೇಲೆ ಕೂತಿದ್ದೆ. ಕಡಾಯಿಯನ್ನು ಒಲೆಗೇರಿಸುತ್ತೇನೆ ಎಂದದ್ದು ಬರೀ ಬಾಯಿಮಾತು. ಅದನ್ನು ಎತ್ತಲು ನನ್ನಿಂದಾಗುವುದಿಲ್ಲ. ಕಳೆದ ವರ್ಷ ಪುರುಸೊತ್ತಾಗಲಿಲ್ಲ ಎಂದದ್ದೂ ಅದೇ. ಈ ಯಂತ್ರವಿಲ್ಲದೆ ನಾನು ಇನ್ನೆಂದೂ ಬಿಯರ್ ಮಾಡಲಾರೆ.

ಈಗ ದೊಡ್ಡದು. ಬಿಯರನ್ನು ಮಾಡುತ್ತಿದ್ದದ್ದು ಅಮ್ಮ.

ಮೊದಲಿನಿಂದಲೂ ಅವಳೇ. ರೈ ಬಿಯರು ಅವಳ ತವರಿನದ್ದು, ಹಳೆಯ ದೇಶ ಬೊಹೀಮಿಯಾದಿಂದ ವಲಸೆ ಬಂದವರದ್ದು. ಅಪ್ಪ ಹಡಗಿನಿಂದ ಇಳಿದು ಬಂದು ಪೀಪಾಯಿಗೆ ನಲ್ಲಿ ಬಡಿಯುತ್ತಿದ್ದ. ಊರವರು ಅವನ ಬೆನ್ನು ತಟ್ಟುತ್ತಿದ್ದರು. ನನಗೆ ಗೊತ್ತಾದದ್ದು ಹತ್ತೊಂಬತ್ತಕ್ಕೆ, ಅಮ್ಮ ಸೊಂಟ ನೋವೆಂದು ಕಡಾಯಿ ಇಳಿಸಲು ನನ್ನನ್ನು ಕರೆದಾಗ. "ಡೋರೀನ್‌ಗೆ ಈಗ್ಲೇ ಹೇಳ್ಬೇಡ, ಅವಳ ಬಾಯಲ್ಲಿ ನಿಲ್ಲಲ್ಲ, ನಿಮ್ಮಪ್ಪನ ಮರ್ಯಾದೆ ಹೋಗುತ್ತೆ" ಅಂದಳು. ಹೆಣ್ಣು ಕಾಲಿಟ್ಟರೆ ಹುಳಿಯಾಗುತ್ತದೆ ಎಂಬ ಮಾತು ಹುಟ್ಟಿದ್ದೇ ಯಾರೂ ಒಳಗೆ ಇಣುಕಬಾರದು ಎಂದು.

1983ರಲ್ಲಿ ಆಸ್ಪತ್ರೆಯಲ್ಲಿ ಅಮ್ಮ ನನ್ನ ಕೈಗೆ ಬಿಯರಿನ ಅಳತೆ ಬರೆದ ಒಂದು ಕಾರ್ಡು ಕೊಟ್ಟಳು. "ಇದನ್ನ ಡೋರೀನ್‌ಗೆ ಕೊಡು" ಅಂದಳು. ಅಷ್ಟೇ ಹೇಳಿದ್ದು. ನೀನು ಮಣ್ಣಿಗೆ ಬಂದೆ, ನಾಲ್ಕು ದಿನ ಇದ್ದೆ. ಕೊಡಲಿಲ್ಲ. ಆಗ ಹಲಗೆಗೆ ಬಣ್ಣ ಹಚ್ಚಿ ನಾಲ್ಕು ವರ್ಷವಾಗಿತ್ತು. ಊರೆಲ್ಲ ನನ್ನನ್ನು 'ಅಂಡ್ ಸನ್' ಎಂದೇ ಕರೆಯುತ್ತಿತ್ತು. ಕಾರ್ಖಾನೆಯಲ್ಲಿ ನಾನು ಚೀಲ ಹೊರುವವನು, ಆಗಸ್ಟಿನ ಆ ಒಂದು ದಿನ ಮಾತ್ರ ಏನೋ ಒಂದು ಆಗುತ್ತಿದ್ದೆ. ಅದು ಬಿಡಲಾಗಲಿಲ್ಲ. ಆಮೇಲೆ ಕೊಡೋಣ ಎಂದುಕೊಂಡೆ. ವರ್ಷ ಹೋದಷ್ಟೂ ಯಾಕಿಷ್ಟು ತಡ ಎಂದು ನೀನು ಕೇಳುತ್ತೀಯಲ್ಲ ಎಂದು ಇನ್ನೂ ತಡವಾಯಿತು. ಯಂತ್ರಕ್ಕೆ ರೈ ಎಂದು ಬರೆಯಲು ಕೈ ಬರದೆ ಹೋದದ್ದು ಅದಕ್ಕೇ. ನೀನು ಕಳಿಸಿದ ಯಂತ್ರ, ಹೇಗಾದರೂ ನಿನಗೆ ಮುಟ್ಟೀತು ಎಂದು ಮೊದಲ ದಿನವೇ ಹೆದರಿದ್ದೆ, ಅಳತೆ ಕಂಡರೆ ಇದು ಎಲ್ಲಿಂದ ಬಂತು ಎಂದು ಕೇಳುತ್ತೀಯ.

ಕಾರ್ಡು ಇದರ ಜೊತೆ ಇದೆ. ಅಮ್ಮನ ಭಾಷೆಯಲ್ಲಿದೆ. ನನಗೆ ಅಂಕಿಗಳು ಮಾತ್ರ ಓದಲು ಬಂದದ್ದು. ಉಳಿದದ್ದು ನೋಡಿ ನೋಡಿ ಕಲಿತೆ. ಕೆಳಗಿನ ಮೂರು ಸಾಲು ಏನೆಂದು ನನಗೆ ಗೊತ್ತಿಲ್ಲ. ಯಾರನ್ನೂ ಕೇಳಲೂ ಇಲ್ಲ.

ಏನು ಬೇಕಾದರೂ ಬರೆ. ಓದುತ್ತೇನೆ.

ನಾರ್ಬರ್ಟ್


ಟಕೋಮಾ
ಜುಲೈ 1

ನಾರ್ಬರ್ಟ್,

ನಲವತ್ತು ವರ್ಷ.

ನಿನ್ನ ಹೆಬ್ಬೆರಳಿನ ವಿಷಯ ಓದಿ ಅಯ್ಯೋ ಅನ್ನಿಸಿತು. ಮುಂದಿನ ಪುಟ ಓದಿದ ಮೇಲೆ ಆ ಅಯ್ಯೋ ಎಲ್ಲಿ ಹೋಯಿತೋ ಗೊತ್ತಿಲ್ಲ. ಕಾಗದ ಕೆಳಗಿಟ್ಟು ಬಾಗಿಲಾಚೆ ಹೋಗಿ, ಬೀದಿಯ ಕೊನೆಯವರೆಗೆ ನಡೆದು ವಾಪಸ್ ಬಂದೆ. ಮತ್ತೆ ಹೋದೆ.

ಅಮ್ಮ ನನಗೆ ಏನನ್ನೂ ಬಿಟ್ಟು ಹೋಗಲಿಲ್ಲ ಎಂದುಕೊಂಡು ನಲವತ್ತು ವರ್ಷ ಬದುಕಿದ್ದೇನೆ. ನಿನಗೆ ಮನೆ ಬಂತು, ನನಗೆ ಒಂದು ರಗ್ಗು. ಬೇಸರವಿಲ್ಲ ಎಂದೆ. ಬೇಸರವಿತ್ತು. ಅವಳು ಸಾಯುವಾಗ ನನ್ನ ನೆನಪು ಮಾಡಿಕೊಳ್ಳಲಿಲ್ಲವಲ್ಲ ಎಂದು ಸಿಟ್ಟು. ಸತ್ತವಳ ಮೇಲೆ ಸಿಟ್ಟು, ನಾರ್ಬರ್ಟ್! ಅವಳ ಸಮಾಧಿಗೆ ಎಷ್ಟು ಸಲ ಹೋಗಿದ್ದೇನೆ ಹೇಳು. ಎರಡು ಸಲ. ಆ ಸಿಟ್ಟು ನಿನ್ನ ಮೇಲೆ ಇರಬೇಕಿತ್ತು, ಅದನ್ನು ನಾನು ಅವಳ ಮೇಲೆ ಹಾಕಿದೆ. ಇದಕ್ಕೆ ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಈಗ ನನ್ನ ಕೈ ಬರುತ್ತಿಲ್ಲ. ಮುಂದೆ ಬರುತ್ತದೆಯೋ ಇಲ್ಲವೋ ಗೊತ್ತಿಲ್ಲ.

ಅಮ್ಮನ ಭಾಷೆ ಮನೆಯಲ್ಲಿ ಕಲಿತದ್ದು ನಾನೊಬ್ಬಳೇ. ಅಡುಗೆಮನೆಯಲ್ಲಿ ಅವಳ ಜೊತೆ ಆಡಿದ ಭಾಷೆ. ನಿನಗೆ ಓದಲು ಬಾರದ ಹಾಗೆ ಅವಳು ಬರೆದದ್ದು ಯಾಕೆ ಎಂದು ನಿನಗೆ ಒಂದು ದಿನವೂ ಹೊಳೆಯಲಿಲ್ಲವೇ? ಆ ಮೂರು ಸಾಲು ಇಲ್ಲಿವೆ, ಓದು:

"ರೈಗೆ ಹೊಟ್ಟಿಲ್ಲ. ಎರಡು ಬೊಗಸೆ ಓಟ್ಸ್ ಹೊಟ್ಟು ಬೆರೆಸು, ಇಲ್ಲಾಂದ್ರೆ ಕಟ್ಕೊಂಡು ಉಕ್ಕುತ್ತೆ.
ಕಡಾಯಿ ಭಾರ, ಒಬ್ಬಳೇ ಎತ್ತಬೇಡ, ನಾರ್ಬರ್ಟ್‌ನ ಕರಿ.
ಬಾಟ್ಲಿ ತೊಳೆಯೋದು ನಿಂಗೆ ಹೇಳಬೇಕಾಗಿಲ್ಲ. ನಿನ್ನಷ್ಟು ಚೆನ್ನಾಗಿ ಯಾರೂ ತೊಳೆದಿಲ್ಲ."

ಎರಡು ತಿಂಗಳಿಂದ ನಾವು ಹುಡುಕಿದ ರಿಪೇರಿ ನಿನ್ನ ಮನೆಯಲ್ಲೇ ಇತ್ತು.

ಈಗ ಕೆಲಸದ ಮಾತು. ಯಂತ್ರವನ್ನು ಮುಟ್ಟಬೇಡ. ಜುಲೈ ಹನ್ನೆರಡು, ಬುಧವಾರ, ಗ್ರೀನ್ ಬೇಗೆ ನನ್ನ ವಿಮಾನ. ವರ್ನಾ ಕರೆದುಕೊಳ್ಳಲಿ, ನೀನು ಬರಬೇಡ. ವಿಮಾನ ನಿಲ್ದಾಣದಲ್ಲಿ ಜನರೆದುರು ಬೈಯಲು ನನಗೆ ಇಷ್ಟವಿಲ್ಲ. ಹೊಟ್ಟು ನಾನೇ ತರುತ್ತೇನೆ. ಇಲ್ಲಿ ಭತ್ತದ ಹೊಟ್ಟು ಸಿಗುತ್ತದೆ, ಕೆಲಸ ಅದೇ. ಪರದೆಯಲ್ಲಿ ರೈ ಎಂದು ರೈ ಇದ್ದಷ್ಟೇ ಬರೆಯುತ್ತೇನೆ. ಹದಿಮೂರು, ಹದಿನಾಲ್ಕು, ಹದಿನೈದು ಮೂರು ದಿನ ಮೂರು ಸಲ ಬೇಯಿಸಿದರೆ ಆಗಸ್ಟ್ ಆರಕ್ಕೆ ಮೂರು ವಾರ ಸಿಗುತ್ತದೆ. ಕ್ಲಿಪ್ಪು ನಾನು ಒತ್ತುತ್ತೇನೆ. ವರ್ನಾ ಒಳಗೆ ಬರುತ್ತಾಳೆ. ನೆಲಮಾಳಿಗೆಯ ಬಾಗಿಲು ಮೂರು ದಿನವೂ ತೆರೆದಿರಬೇಕು, ಬೀದಿಯವರೆಗೆ ವಾಸನೆ ಹೋಗಬೇಕು. ಬಾಟಲಿ ಈ ಸಲ ನೀನು ತೊಳೆ. ಹಿತ್ತಲ ಪಂಪಿನಲ್ಲಿ.

ಹಲಗೆಯ ಮೇಲೆ ಅಮ್ಮನ ಹೆಸರಿರಬೇಕು. 'ಲುಡ್ಮಿಲಾಳ ರೈ'. ಪಿಕ್ನಿಕ್ಕಿನಲ್ಲಿ ಯಾರಾದರೂ ಇದ್ಯಾಕೆ ಎಂದು ಕೇಳಿದರೆ ನಾನು ಬಾಯಿ ಬಿಡುವುದಿಲ್ಲ. ನೀನೇ ಹೇಳಬೇಕು, ಎಲ್ಲರೆದುರು ಎದ್ದು ನಿಂತು. ಮಾತು ಕೊಡುವಾಗ ಎದ್ದು ನಿಂತಿದ್ದೆಯಲ್ಲ, ಹಾಗೆ.

ಡೋರೀನ್


ಕೆವಾನೀ
ಜುಲೈ 6

ಡೋರೀನ್,

ನಿನ್ನ ಕಾಗದವನ್ನು ವರ್ನಾ ಜೋರಾಗಿ ಓದಿದಳು. ಒಂದು ಸಾಲೂ ಬಿಡಲಿಲ್ಲ. ಅಮ್ಮನ ಮೂರು ಸಾಲನ್ನು ಎರಡು ಸಲ ಓದಿಸಿದೆ.

ಬಾಗಿಲನ್ನು ಕೀಲಿನಿಂದಲೇ ಬಿಚ್ಚಿ ಗ್ಯಾರೇಜಿನಲ್ಲಿಟ್ಟಿದ್ದೇನೆ. ತಿರುಪು ಬಿಚ್ಚಿದ್ದು ವರ್ನಾ. ಬಾಟಲಿಗಳನ್ನು ಪಂಪಿನ ಹತ್ತಿರ ಸಾಲಾಗಿಟ್ಟಿದ್ದೇನೆ. ದಿನಕ್ಕೆ ಹತ್ತು ತೊಳೆಯಲು ಆಗುತ್ತಿದೆ, ಜುಲೈನಲ್ಲೂ ಆ ನೀರು ಕಚ್ಚುತ್ತದೆ. ಪಾದ್ರಿಗಳಿಗೆ ಹೇಳಿಯಾಯಿತು, ಎಲ್ಲವನ್ನೂ.

ಹಲಗೆಗೆ ಬಿಳಿ ಬಣ್ಣ ಎರಡು ಸಲ ಬಳಿದು ಅಮ್ಮನ ಹೆಸರು ಬರೆದೆ. ನಡುಗುವ ಕೈ, ಅಕ್ಷರ ಸೊಟ್ಟಗಿದೆ, ಓದಲು ಬರುತ್ತದೆ. ಆದರೆ ಬಿಸಿಲಿಗೆ ಹಿಡಿದರೆ ಕೆಳಗಿನ 'ಅಂಡ್ ಸನ್' ಇನ್ನೂ ಕಾಣುತ್ತದೆ. ಬರುವಾಗ ಇನ್ನೊಂದು ಡಬ್ಬಿ ಬಣ್ಣ ತಾ.

ನಾರ್ಬರ್ಟ್